ಇಪ್ಪತ್ತೇಳರ ವ್ಯತ್ಯಾಸ

ಸೊಹಾರಿನಲ್ಲಿ ಹನ್ನೊಂದೂವರೆ. ಉಳಿದ ಮೂವರಿಗೆ ಹತ್ತೂವರೆ.
ಬಂದರಿನ ಹಿಂದಿನ ಕ್ಯಾಂಪಿನ ತಾರಸಿ, ನೀರಿನ ಟ್ಯಾಂಕಿನ ಮಗ್ಗುಲು,
ನೆಟ್ ಸಿಗುವುದು ಇಲ್ಲೊಂದೇ ಕಡೆ.
ಜುಲೈ ಗಾಳಿಗೆ ಬೆವರೊರೆಸಿದ ಟವೆಲಿನ ವಾಸನೆ.
ಪೇಂಟಿನ ಡಬ್ಬಕ್ಕೆ ಫೋನು ಒರಗಿಸಿ
ಗುಂಪಿನ ಮುಂದಾಳು ನಾನು, ಜನಾರ್ದನ ಗಟ್ಟಿ, ಸ್ಟೋರ್‌ಕೀಪರ್,
ಹೆಸರಿಗೆ ತಕ್ಕ ದನಿಯಲ್ಲಿ
ಹಲೋ ಅನ್ನುತ್ತೇನೆ.

ಮೇಷ್ಟ್ರು ಕೊಟ್ಟದ್ದು ಒಂದು ಅಂಗಡಿಯ ಒಂದು ತಿಂಗಳ ಲೆಕ್ಕ.
ನಾಲ್ವರೂ ಸೇರಿ ಬರೆಯಿರಿ, ಎರಡೂ ಬದಿ ತಾಳೆಯಾಗಲಿ, ಅಂದರು.
ಸೇರಿ ಅಂದರೆ ಹೇಗೆ ಅಂತ ಅವರು ಹೇಳಲಿಲ್ಲ.
ನಾನು ಕೇಳಲೂ ಇಲ್ಲ.

ಜುಬೈಲಿನ ಇದಿನಬ್ಬ ಕೆಫೆಟೀರಿಯಾದ ಶಟರ್ ಎಳೆದು
ಲೋಟ ತೊಳೆಯುತ್ತಲೇ ಇಂಗ್ಲಿಷ್ ಪಾಠವನ್ನು
ತನ್ನ ಬ್ಯಾರಿ ಬೆರೆತ ಕನ್ನಡಕ್ಕೆ ಹೊರಳಿಸುತ್ತಾನೆ
ಮನಾಮದ ಆಸ್ಪತ್ರೆಯಲ್ಲಿ ನೆಲ ಒರೆಸುವ ಶರಣವ್ವನಿಗಾಗಿ:
ಬಂದದ್ದು ಡೆಬಿಟ್ಟು, ಹೋದದ್ದು ಕ್ರೆಡಿಟ್ಟು.
"ತಡೀರಿ ಅಣ್ಣಾ. ಬಂದದ್ದು ಯಾರಿಗಿ?"
ಮುಂದೆ ಹೋಗೋಣ, ನೆಟ್ ಮುಗಿಯುತ್ತೆ, ಅನ್ನುತ್ತೇನೆ ನಾನು.

ಕುವೈತಿನ ಬೆನಿಟಾ ಬರೀ ಹೆಸರು.
ಕಪ್ಪು ಚೌಕ, ಮೈಕಿನ ಮೇಲೆ ಕೆಂಪು ಗೀರು.
ಮೂರು ವಾರಕ್ಕೆ ಒಂದು ಕೆಮ್ಮೂ ಕೇಳಲಿಲ್ಲ.
ಆರಕ್ಕೇರದವಳು, ಮೂರಕ್ಕಿಳಿಯದವಳು
ಅಂದುಕೊಂಡು ಅವಳ ಪಾಲಿನ ಸಾಲುಗಳನ್ನೂ ನಾನೇ ಬರೆದೆ,
ಬೇಗ ಬೇಗ.

ಕೊನೆಗೆ ಇಪ್ಪತ್ತೇಳು ರೂಪಾಯಿ ಕಡಿಮೆ.
ಮೇಲಿನಿಂದ ಕೂಡಿದೆ, ಇಪ್ಪತ್ತೇಳು.
ಕೆಳಗಿನಿಂದ ಕೂಡಿದೆ, ಇಪ್ಪತ್ತೇಳು.
"ನನ್ನ ಕಿಸೆಯಿಂದ ಹಾಕ್ತೇನೆ ಮಾರಾಯಾ, ಒಮ್ಮೆ ಮುಗೀಲಿ,"
ಇದಿನಬ್ಬ ಆಕಳಿಸಿದ.
ಹನ್ನೆರಡೂವರೆ. ಹಡಗೊಂದು ಕೂಗಿತು, ನನಗಂತೂ ನಗುವಂತೆ ಕೇಳಿತು.

ಆಗ ಶರಣವ್ವ: "ಆ ಅಕ್ಕ ಏನೋ ಬರದಾಳ ನೋಡ್ರಿ ಬಾಜೂಕ.
ನಂಗ ಇಂಗ್ಲಿಷ್ ಅಕ್ಷರ ಬರಲ್ಲ.
ಬರೋರು ಓದ್ರಿ."

ಓದಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಹನ್ನೊಂದು ನಲವತ್ತೊಂದಕ್ಕೆ:
ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ತಿರುಗಿ ಬಿದ್ದಿರುತ್ತೆ.
ಸಕ್ಕರೆಯ ಸಾಲು ನೋಡಿ.
ಅದರ ಕೆಳಗೆ: ತಡವಾಯಿತು, ಕ್ಷಮಿಸಿ. ಮೇಡಮ್ಮಿನ ಮಗು ತೋಳಿನ ಮೇಲೆ ಮಲಗಿದೆ,
ಟೈಪಿಗೆ ಒಂದೇ ಕೈ.
ಅದರ ಕೆಳಗೆ, ಹದಿನೈದು ನಿಮಿಷ ಬಿಟ್ಟು:
ಇದ್ದೀರಾ?

ಸಕ್ಕರೆ ಅರವತ್ತಮೂರು. ನನ್ನ ಕೈಬರಹದಲ್ಲಿ ಮೂವತ್ತಾರು.
ಆರೂ ಮೂರೂ ಜಾಗ ಬದಲಿಸಿ ಕೂತು
ನನ್ನನ್ನೇ ನೋಡುತ್ತಿದ್ದವು.
ಆ ಮನೆಯ ದಿನಸಿ ಚೀಟಿಗಳನ್ನು ಆರು ವರ್ಷ ತಾಳೆ ಹಾಕಿದವಳು
ಅಂತ ನನಗೆ ಗೊತ್ತಾದದ್ದು ಆಮೇಲೆ. ಕೇಳಿದ್ದರೆ ತಾನೆ.

ಮುಂದಿನ ಶುಕ್ರವಾರ ಸ್ಕ್ರೀನು ನನ್ನ ಬಳಿ ಇರಲಿಲ್ಲ.
ನನ್ನ ಕೆಲಸ ಬರೆದದ್ದನ್ನು ದನಿಯೆತ್ತಿ ಓದುವುದು,
ಬೆನಿಟಾಳ ಬೆರಳು ಮುಗಿಯುವ ತನಕ ಕಾಯುವುದು.
ಕಾಯುವುದು ಸುಲಭವಲ್ಲ. ಟ್ಯಾಂಕಿನ ಮೇಲೆ ತಾಳ ಬಾರಿಸಿದೆ,
ಇದಿನಬ್ಬ ಬೈದ.

ಬಂದದ್ದು ಯಾರಿಗಿ ಎಂಬಲ್ಲಿಗೇ ಮರಳಿದೆವು.
ಸೂತ್ರ ಹೇಳಿದೆ, ಹತ್ತಲಿಲ್ಲ. ಉದಾಹರಣೆ ಕೊಟ್ಟೆ, ಹತ್ತಲಿಲ್ಲ.
ಒಂದು ನಿಮಿಷ ಸುಮ್ಮನಿದ್ದು ಶರಣವ್ವ ತಾನೇ ಅಂದಳು:
"ಬಕೇಟಿಗಿ ಬಂದದ, ನಳದಾಗಿಂದ ಹೋಗ್ಯದ.
ನೀರು ಅಷ್ಟೇ ಅದ. ಇಷ್ಟೇ ಏನ್ರೀ?"
ಇಷ್ಟೇ, ಶರಣವ್ವ.
ಹತ್ತನೇ ಕ್ಲಾಸಿನಿಂದ ಬಾಯಿಪಾಠ ಹೇಳಿದವನಿಗೆ
ಆ ರಾತ್ರಿ ಮೊದಲ ಸಲ ನೀರು ಕಂಡಿತು.

ಕೆಂಪು ಗೀರು ಅಳಿಯಿತು. ಕೈತಪ್ಪಿಯೋ, ಬೇಕೆಂದೋ.
ಎಚ್ಚರವಾದ ಮಗುವಿನ ದನಿ: "ಮನು ಹಾದೋಲ್?"
ಅವಳು ಅರಬಿಯಲ್ಲೇ ಏನೋ ಪಿಸುಗುಟ್ಟಿದಳು.
ಇದಿನಬ್ಬ ನಳ ನಿಲ್ಲಿಸಿ, ಕೈ ಒರೆಸಿಕೊಂಡು, ಹೇಳಿದ:
ಯಾರಿವರು ಅಂತ ಕೇಳಿತು.
ನನ್ನ ಕ್ಲಾಸಿನವರು, ಅಂದಳು.