ಬಲಗಡೆಯವರು ಮೊದಲು

ಸುವಾವ್ಕಿ ಊರಿನಲ್ಲಿ ಜನವರಿ ಎಂದರೆ
ಫಲಕಗಳು ತಮ್ಮ ಬಣ್ಣವನ್ನೆಲ್ಲ ಹಿಮಕ್ಕೆ ಒಪ್ಪಿಸಿ
ಬರೀ ಆಕಾರದಲ್ಲಿ ಬದುಕುವ ಕಾಲ.
ಅದಕ್ಕೇ ಹೇಳುವುದು, ಗೆನೊವೆಫಾ ಅವರೇ,
ಅಕ್ಷರ ಹುಡುಕಬೇಡಿ, ಅಂಚು ನೋಡಿ.

ಎಂಟು ಮೂಲೆ ಇದ್ದರೆ ನಿಲ್ಲಿ.
ನಿಲ್ಲುವುದೆಂದರೆ ಚಕ್ರ ನಿಲ್ಲಬೇಕು,
ಮನಸ್ಸಿನಲ್ಲೇ ನಿಂತೆ ಎಂದರೆ ಪರೀಕ್ಷಕ ಒಪ್ಪುವುದಿಲ್ಲ.
ತಲೆಕೆಳಗಾದ ತ್ರಿಕೋನ ಕಂಡರೆ ದಾರಿ ಬಿಡಿ.
ಮಿಕ್ಕ ತ್ರಿಕೋನಗಳೆಲ್ಲ ನೆಟ್ಟಗೆ ಕೂತಿರುತ್ತವೆ,
ಇದೊಂದೇ ಹೀಗೆ, ಒಂಟಿಕಾಲಲ್ಲಿ.
ಮೂಲೆಯ ಮೇಲೆ ನಿಂತ ಹಳದಿ ಚೌಕ ಕಂಡರೆ
ನಿಮ್ಮದು ದೊಡ್ಡ ರಸ್ತೆ, ಮೊದಲು ನೀವು.
ಕೆಳಗೊಂದು ಬಿಳಿ ತಗಡಿನಲ್ಲಿ ದಪ್ಪ ಗೆರೆ ಎಡಕ್ಕೆ ಬಾಗಿದ್ದರೆ
ದೊಡ್ಡ ರಸ್ತೆಯೂ ಎಡಕ್ಕೇ ಬಾಗಿದೆ.
ನೇರಕ್ಕಿರುವುದೆಲ್ಲ ಹಿರಿದಲ್ಲ.

ಒಂದು ಮಾತು. ಅಡ್ಡರಸ್ತೆಯವನು
ತನ್ನ ತ್ರಿಕೋನ ಓದಿದನೋ ಇಲ್ಲವೋ
ನಿಮ್ಮ ಹಳದಿಯಲ್ಲಿ ಬರೆದಿರುವುದಿಲ್ಲ.
ಎಂಬತ್ತೇಳರ ಅಕ್ಟೋಬರ್, ಆಲೂಗಡ್ಡೆ ಲಾರಿ.
ಠಾಣೆಯಲ್ಲಿ ಬರೆದುಕೊಂಡರು, ಮೊಹರು ಒತ್ತಿದರು:
ತಪ್ಪು ಅವನದು.
ಹೌದು, ತಪ್ಪು ಅವನದು. ಮೊಣಕಾಲು ನನ್ನದು.
ನಾಳೆ ಹಿಮ ಬೀಳುತ್ತದೆ ಎಂದು
ರೇಡಿಯೋಗಿಂತ ಮುಂಚೆ ಹೇಳುತ್ತದೆ.

ನೀವು ಎರಡು ಸಲ ನಪಾಸು,
ಎರಡು ಸಲವೂ ಅತಿ ಮರ್ಯಾದೆಯಿಂದ.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಎಲ್ಲರ ತಟ್ಟೆ ತುಂಬಿಸಿ, ಕೊನೆಗೆ
ತಳ ಕೆರೆದು ಉಂಡ ಕೈ
ಗೇರಿನ ಮೇಲೆ ಕೂತು
ಎಡದವರಿಗೂ ದಾರಿ ಬಿಡುತ್ತದೆ, ಸೈಕಲ್ಲಿಗೂ ಬಿಡುತ್ತದೆ,
ಇನ್ನೂ ಮನೆಯಲ್ಲಿ ಬೂಟು ಕಟ್ಟುತ್ತಿರುವವರಿಗೂ.
ತಂಗಿಯ ಊರಿನ ಬಸ್ಸು ನಿಂತುಹೋಯಿತೆಂದು
ಐವತ್ತೇಳಕ್ಕೆ ಕಲಿಯಲು ಬಂದಿರಿ;
ಹೀಗೆ ಹೊರಟರೆ ಆ ಊರು ಮುಟ್ಟುವುದು ಯಾವಾಗ?
ಸರದಿ ಬಂದಾಗ ಹೋಗದಿರುವುದೂ
ರಸ್ತೆಯಲ್ಲಿ ಅಡ್ಡಿಯೇ.
ಇದನ್ನು ನಾನು ನಿಮಗೆ
ಹತ್ತೊಂಬತ್ತು ಸಲ ಹೇಳಿದ್ದೇನೆ, ಎಣಿಸಿದ್ದೇನೆ.

ಇವತ್ತು ಟೈರ್ ಅಂಗಡಿಯ ಹಿಂದಿನ ಕೂಡುರಸ್ತೆ.
ದೀಪವಿಲ್ಲ, ಚೌಕವಿಲ್ಲ. ಸ್ವಲ್ಪ ಹಿಂದೆ
ಕೆಂಪಂಚಿನ ತ್ರಿಕೋನದೊಳಗೆ
ಗುಣಾಕಾರದ ಗುರುತೊಂದಿತ್ತು, ನೋಡಿದಿರಾ?
ಮುಂದೆ ಎಲ್ಲ ರಸ್ತೆಯೂ ಸಮ ಎಂದರ್ಥ.
ಹಿರಿಕಿರಿಯರಿಲ್ಲದ ಕಡೆ ಒಂದೇ ಸೂತ್ರ:
ಬಲಗಡೆಯಿಂದ ಬಂದವರು ಮೊದಲು,
ಮೇಯರೇ ಇರಲಿ, ಪಿಜ್ಜಾ ಹುಡುಗನೇ ಇರಲಿ.

ಅಷ್ಟರಲ್ಲಿ, ಪಾಠಕ್ಕೆ ಹೇಳಿ ಕರೆಸಿದ ಹಾಗೆ,
ಬಲಕ್ಕೆ ಕಲ್ಲಿದ್ದಲು ಹೊತ್ತ ಟ್ರ್ಯಾಕ್ಟರು,
ಎದುರಿಗೆ ಅಂಚೆ ವ್ಯಾನು,
ಎಡಕ್ಕೆ ರಾತ್ರಿಪಾಳಿ ಮುಗಿಸಿದ ನರ್ಸಿನ ಕೆಂಪು ಕಾರು,
ಇತ್ತ ತಲೆಯ ಮೇಲೆ ಕಲಿಕೆಯ ಹಲಗೆ ಹೊತ್ತ ನಾವು.
ನಾಲ್ವರೂ ಒಂದೇ ಕ್ಷಣಕ್ಕೆ ನಿಂತೆವು.
ಪ್ರತಿಯೊಬ್ಬರೂ ಬಲಕ್ಕೆ ನೋಡಿದರು.
ಪ್ರತಿಯೊಬ್ಬರ ಬಲಕ್ಕೂ ಒಬ್ಬರಿದ್ದರು.

ಪುಸ್ತಕ ಇಲ್ಲಿಗೆ ಮುಗಿಯುತ್ತದೆ.
ನಾಲ್ಕು ಸೈಲೆನ್ಸರುಗಳ ಹೊಗೆ ಒಂದಾಗಿ ಏರಿತು.
ವೈಪರು ಹೋಯಿತು, ಬಂತು, ಹೋಯಿತು.
ಇಪ್ಪತ್ತಾರು ವರ್ಷದ ಮೇಷ್ಟ್ರು ನಾನು,
ನಾಲಿಗೆ ತುದಿಯಲ್ಲಿ ಒಂದು ಸೂತ್ರವೂ ಇಲ್ಲ.

ನೀವು ಕೈಗವಸು ಕಳಚಿದಿರಿ, ಯಾಕೋ.
ಬರಿಗೈ ಎತ್ತಿ ಎಡಗಡೆಯ ನರ್ಸಿಗೆ,
ಸಾರಿನ ಸಾಲಿನಲ್ಲಿ ಹಿಂದೆ ನಿಂತ ಹುಡುಗಿಯನ್ನು
ಬಾ ಮಗು, ಮುಂದೆ ಬಾ, ಎಂದು ಕರೆವ ಹಾಗೆ.
ಅವಳು ಹೋದಳು. ವ್ಯಾನಿನ ಬಲ ತೆರವಾಯಿತು,
ವ್ಯಾನು ಹೋಯಿತು. ಟ್ರ್ಯಾಕ್ಟರಿನ ಬಲ ತೆರವಾಯಿತು,
ಟೊಪ್ಪಿ ಮುಟ್ಟಿ ಅವನೂ ಹೋದ,
ಹಿಮದ ಮೇಲೆ ಕಲ್ಲಿದ್ದಲ ನಾಲ್ಕು ಚೂರು ಉದುರಿಸಿ.
ಕೊನೆಗೆ ಉಳಿದವರು ನೀವು.
ಗಂಟು ಬಿಚ್ಚಿದವರದು ಯಾವಾಗಲೂ ಕೊನೆಯ ಸರದಿಯಂತೆ,
ಈ ಲೆಕ್ಕ ನಿಮಗೆ ಮೊದಲೇ ಗೊತ್ತಿತ್ತೇ?

ನಾನು ಕೇಳಲಿಲ್ಲ. ಇಪ್ಪತ್ತನೆಯ ಸಲ
ಹೇಳಬೇಕೆಂದಿದ್ದನ್ನೂ ಹೇಳಲಿಲ್ಲ.
ನೀವು ಇನ್ನೂ ಬಲಕ್ಕೆ ನೋಡುತ್ತಿದ್ದೀರಿ.
ಅಲ್ಲಿ ಯಾರೂ ಇಲ್ಲ. ಇಲ್ಲವೆಂದರೆ ಇಲ್ಲ. ಹೊರಡಿ.
ಹಿಂದೆ ಯಾರದೋ ಹಾರನ್ನು.
ಕ್ಲಚ್ಚು, ಗೆನೊವೆಫಾ ಅವರೇ,
ಕ್ಲಚ್ಚು.