ದೀಪ ದೊಡ್ಡದು ಮಾಡು

ಅರವತ್ತೊಂದನೆಯ ಇಸವಿ, ಫೆಬ್ರವರಿ. ಅರಸೀಕೆರೆ.
ಕೊಬ್ಬರಿ ಮಂಡಿಯ ಕಮಟು ಬಿಸಿಲಿಗೆ ಅಂಟಿಕೊಂಡ ಮಧ್ಯಾಹ್ನ
ಹೆಡ್ಮಾಸ್ಟರು ಯೋಗಾನರಸಿಂಹಯ್ಯನವರ ಹಿಂದೆ
ಜನಗಣತಿಯ ಕಟ್ಟು ಹೊತ್ತು ನಾನು.
ಕೆಲಸಕ್ಕೆ ಸೇರಿ ಏಳು ತಿಂಗಳು. ಹೊಸ ಚಪ್ಪಲಿ ಕಚ್ಚುತ್ತಿತ್ತು.

ಸ್ಟೇಷನ್ನಿನಿಂದ ಕಂತೇನಹಳ್ಳಿ ಕೆರೆಯವರೆಗೂ
ಅವರದು ಒಂದೇ ವಾಕ್ಯ:
"ಗಂಡಸಿನ ಮಾತಿಗೆ ಕರ್ತೃ ಇದೆ, ಕರ್ಮ ಇದೆ, ಕ್ರಿಯೆ ಇದೆ.
ಹೆಂಗಸಿನದು ಬರೀ ಅವ್ಯಯ,
ಅಯ್ಯೋ, ಅಬ್ಬಾ, ಛೆ, ಹಂಗಂತೆ, ಹಿಂಗಂತೆ.
ಅವರ ನಾಲಿಗೆಯ ಬುಡದಲ್ಲಿ ಒಂದು ನರ ಹೆಚ್ಚು,
ನಮ್ಮ ತಾತ, ಪಂಡಿತರು, ಕಣ್ಣಾರೆ ಕಂಡಿದ್ದರು.
ನಾನೇ ಲೆಕ್ಕ ಇಟ್ಟಿದ್ದೀನಮ್ಮ, ಕಿಟಕಿಯ ಹಿಂದೆ ನಿಂತು.
ನಲ್ಲಿಕಟ್ಟೆಯಲ್ಲಿ ಒಂದು ಕೊಡ ತುಂಬುವುದರೊಳಗೆ
ಇನ್ನೂರ ಹನ್ನೆರಡು ಮಾತು!
ದೀಪ ಆರಿಸು ಅನ್ನೋದಕ್ಕೆ ದೊಡ್ಡದು ಮಾಡು,
ಬಳೆ ಒಡೆದರೆ ಹೆಚ್ಚಿತು,
ಹೊರಟು ನಿಂತವಳು ಬರ್ತೀನಿ.
ಇದೇನು ಭಾಷೆಯೇ? ವ್ಯಾಕರಣ ಬಾವಲಿಯ ಹಾಗೆ
ತಲೆಕೆಳಗಾಗಿ ನೇತಾಡ್ತಿದೆ."

"ಸಾರ್, ಆದರೆ..." ಅಂದೆ.
ಗೂಡ್ಸ್ ಗಾಡಿ ಕೂಗಿತು.
ಗಾಡಿ ಹೋದ ಮೇಲೆ ಅವರೇ ಮುಂದುವರಿಸಿದರು.

ನಿಜ ಹೇಳುತ್ತೇನೆ, ಆಗ ನಂಬಿದ್ದೆ.
ಟ್ರೈನಿಂಗಿನಲ್ಲಿ ಇದನ್ನೇ ನೋಟ್ಸು ಬರೆದು
ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದವಳು ನಾನು.
ಅಂದಿನಿಂದ ಅಯ್ಯೋ ಅನ್ನುವುದನ್ನೇ ಬಿಟ್ಟಿದ್ದೆ,
ಬಾಗಿಲ ಸಂದಿಗೆ ಬೆರಳು ಸಿಕ್ಕಿದಾಗಲೂ.

ನಾರಿನ ಗುಡ್ಡೆಯ ಪಕ್ಕ ಹಗ್ಗ ಹೊಸೆಯುತ್ತ ಒಬ್ಬಾಕೆ.
ಯಜಮಾನರ ಹೆಸರು?
ಸೆರಗು ಕಚ್ಚಿದಳು. ಹೇಳಿದರೆ ಆಯುಸ್ಸು ಸವೆಯುತ್ತದೆ.
ಬೆಟ್ಟದ ಕಡೆ ಗಲ್ಲ ಎತ್ತಿ ತೋರಿಸಿ,
"ಮಾಲೇಕಲ್ಲಿನ ಮೆಟ್ಟಿಲು ಮುಗಿದ ಮೇಲೆ ಸಿಗ್ತಾನಲ್ಲ, ಅವನು."
ವೆಂಕಟೇಗೌಡ?
"ಉಹೂಂ. ಅಷ್ಟು ದೊಡ್ಡ ಹೆಸರಲ್ಲ. ಮದುವೆಗೆ ಸಾಲ ಮಾಡ್ಕೊಂಡೋನ್ನ
ಸಲಿಗೇಲಿ ಹೆಂಗ್ ಕರೀತೀರಿ, ಹಂಗೆ."
ತಿಮ್ಮೇಗೌಡ.
ನಕ್ಕಳು. ಬರೆದುಕೊಂಡೆ.
"ನೋಡಿದೆಯಾ," ಅಂದರು ಹೆಡ್ಮಾಸ್ಟರು,
"ನೆಟ್ಟಗೆ ಒಂದು ನಾಮಪದ ಬರೋದಿಲ್ಲ."
ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.
ಒಂದು ಹೆಸರನ್ನು ಇಷ್ಟು ಜೋಪಾನವಾಗಿ
ಮುಟ್ಟದೆ ಸುತ್ತಿ ಬಂದವರನ್ನು
ನಾನು ಯಾವ ಪಾಠದಲ್ಲೂ ಕಂಡಿರಲಿಲ್ಲ.

ಕೊನೆಗೆ ಅವರದೇ ಮನೆ. ಮುಸ್ಸಂಜೆ.
ನಾನೇ ಕೇಳಬೇಕು, ನಾನೇ ತುಂಬಬೇಕು.
ಮನೆಯವರ ಹೆಸರು, ಸಾರ್?
ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು.
"ನಮ್ಮ... ಅಂದರೆ... ಇವಳು..."
ಕರ್ತೃ ಸಿಗಲಿಲ್ಲ.
ಅಡುಗೆಮನೆಯ ಕಡೆ ತಿರುಗಿದರು:
"ಲೇ, ನಿನ್ನ ಹೆಸರು ಏನೂಂತ ಬರೆಸಲಿ?"

ಕೊತ್ತಂಬರಿ ಬೀಜ ಹುರಿಯುವ ಸೌಟು ನಿಂತಿತು.
"ಯಾವುದು? ತೌರಿನದೋ,
ನಿಮ್ಮವರು ತಟ್ಟೆಯ ಅಕ್ಕೀಲಿ ಬರೆಸಿದ್ದೋ?"

ಎರಡಿದೆ ಅನ್ನುವುದು ಅವರಿಗೆ ಮರೆತೇಹೋಗಿತ್ತು.
ಫಾರಮ್ಮಿನಲ್ಲಿ ಒಂದಕ್ಕೇ ಜಾಗ.
"ತುಂಗಮ್ಮ ಅಂತ ಬರಿಯಮ್ಮಾ," ಅಂದಿತು ಒಳಗಿನ ದನಿ.
ಸೌಟು ಮತ್ತೆ ಆಡತೊಡಗಿತು.

ತಾಯ್ನುಡಿ?
ಬಾಯಿ ತೆರೆದವರು ಮುಚ್ಚಿದರು.
"ಕನ್ನಡ" ಅಂದರು ಆಮೇಲೆ, ಮೆಲ್ಲಗೆ,
ಇಸಕೊಂಡ ಪಾತ್ರೆಯನ್ನು ತಡವಾಗಿ
ವಾಪಸು ತಂದವರ ಹಾಗೆ.

"ಬರೆದದ್ದು ಮುಗೀತಲ್ಲ, ಹಜಾರದ ಲಾಂದ್ರ ದೊಡ್ಡದು ಮಾಡಿ,
ಸೀಮೆಎಣ್ಣೆ ಸಾಲದು."
ಅವರು ಎದ್ದು ಬತ್ತಿ ಇಳಿಸಿದರು. ಏನೂ ಅನ್ನಲಿಲ್ಲ.
ಕತ್ತಲಲ್ಲಿ ಹೊಸ್ತಿಲು ಎಡವಿ
ಅಯ್ಯೋ ಅಂದೆ ನಾನು, ಬೀದಿಗೆ ಕೇಳುವಷ್ಟು.
"ಜ್ವಾಕೆ ತಾಯಿ," ಅಡುಗೆಮನೆ ಹೇಳಿತು.

ಬರ್ತೀನಿ ಅಂದೆ.
ಆ ಮನೆಗೆ ಮತ್ತೆ ಹೋಗಲೇ ಇಲ್ಲ.