ಕಲ್ಲಿಗೆ ಕಿವಿ

ಕರೆಂಟು ಹೋಗಿ ಫ್ಯಾನು ನಿಂತ ಆ ಭಾನುವಾರ
ಹನ್ನೊಂದು ಮಕ್ಕಳನ್ನು ಕರಕೊಂಡು
ಜೋಗಿಮಟ್ಟಿ ದಾರಿಯ ಬಂಡೆಗೆ ಹೋದೆ.
ಕೈಯಲ್ಲಿ ದಾವಣಗೆರೆ ತರಬೇತಿಯಲ್ಲಿ ಬರೆದುಕೊಂಡ ಪಟ್ಟಿ:
ಎಲೆ ಹಿಡಿದು ಪ್ರಾರ್ಥನೆ, ಬೀಜ ಹಿಡಿದು ಪ್ರಾರ್ಥನೆ,
ಕಲ್ಲು ಹಿಡಿದು ಪ್ರಾರ್ಥನೆ.
ಒಂದೊಂದಕ್ಕೂ ಹತ್ತು ನಿಮಿಷ,
ಕೊನೆಗೆ ಬಿಸ್ಕತ್ತು.

ಎಲೆ ಸುಲಭ.
ಬಂದರಿಕೆ ಗಿಡ ಕಾಲಿಗೇ ತಾಗುತ್ತಿತ್ತು.
ಬಿಸಿಲಿಗೆ ಹಿಡಿದು ನರ ನೋಡಿ ಅಂದೆ,
ನಿಮ್ಮ ಅಂಗೈಯನ್ನೂ ಹಾಗೇ ನೋಡಿ,
ಎರಡನ್ನೂ ಗೀಚಿದ ಬೆರಳು ಒಂದೇ.
ಹೇಳುವಾಗ ನನ್ನ ಕಿವಿಗೇ ಚೆನ್ನಾಗಿತ್ತು.
ಸಲೋಮಿ ಮೂಸಿ, "ಅಂಟು" ಅಂದಳು.
ಆಮೆನ್ ಅಂದೆವು.

ಬೀಜ ಇನ್ನೂ ಸುಲಭ.
ಕಾಡು ಸೀತಾಫಲ ತಿಂದು ಉಗಿಯುವುದೇ ಸ್ತೋತ್ರ;
ಯಾರದು ದೂರ ಹೋಗುತ್ತೆ ಅಂತ ಪಂದ್ಯ ಬೇರೆ.
ಒಂದು ಬೀಜ ಇರುವೆ ಸಾಲಿನ ಮೇಲೆ ಬಿತ್ತು.
ಸಾಲು ನಿಂತಿತು, ಬಳಸಿತು, ಮತ್ತೆ ನಡೆಯಿತು.
ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ.
ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಪುಟ್ಟ ಬೆನ್ಯಾಮೀನ
ಮತ್ತೆ ಏಳಲೇ ಇಲ್ಲ.

ಆಮೇಲೆ ಕಲ್ಲು.
ಒಬ್ಬೊಬ್ಬರು ಒಂದೊಂದು ಆರಿಸಿಕೊಳ್ಳಿ,
ಮನಸ್ಸಿನ ಭಾರ ಅದಕ್ಕೆ ಹೇಳಿ,
ಈ ಕಡ್ಡಿ ಶಿಲುಬೆಯ ಬುಡಕ್ಕೆ ಇಟ್ಟು ಬನ್ನಿ,
ಹಗುರಾಗುತ್ತೀರಿ.

ಒಂಬತ್ತು ಮಂದಿ ಇಟ್ಟರು.
ಲೆಕ್ಕದ ಪರೀಕ್ಷೆ, ಅಜ್ಜಿಯ ಮಂಡಿ,
ಮೂಲೆಮನೆಯ ಕರಿ ನಾಯಿ:
ಪಿಸುಮಾತೆಲ್ಲ ಗುಡ್ಡಕ್ಕೇ ಕೇಳುವಷ್ಟು ಜೋರು.

ತಿಮೊಥಿ ಇಡಲಿಲ್ಲ.
"ಅಕ್ಕ, ಇದು ಕಲ್ಲಲ್ಲ, ಮುಕ್ಕಾಲಿಂಚು ಜಲ್ಲಿ.
ಲಾರಿಯಿಂದ ಉದುರಿದ್ದು.
ಇದಕ್ಕೆ ಏನಂತ ಹೇಳೋದು,
ಪಾಪ, ಇದೇ ಈಗ ತಾನೇ ಒಡೆಸಿಕೊಂಡು ಬಂದಿದೆ."

ಮಕ್ಕಳು ನಕ್ಕರು. ನಾನು ಗಡಿಯಾರ ನೋಡಿದೆ.
ಅವನು ಎದ್ದು ಆನೆಯಷ್ಟು ದೊಡ್ಡ ಗುಂಡಿನ ಬಳಿ ಹೋಗಿ
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ
ಕಿವಿ ಒತ್ತಿ ನಿಂತ.
ಏನೋ ಅದು?
"ಅಪ್ಪ ಹೀಗೇ ಮಾಡೋದು.
ಉಳಿ ಇಡೋಕೆ ಮುಂಚೆ ಕೇಳಿಸ್ಕೊಳ್ತಾನೆ,
ಎಳೆ ಯಾವ ಕಡೆ ಓಡಿದೆ ಅಂತ.
ಕೇಳದೆ ಹೊಡೆದರೆ ಬೆರಳು ಹೋಗುತ್ತೆ.
ಒಂದು ಹೋಗಿದೆ."

ನಲವತ್ತು ವರ್ಷ ಪ್ರಾರ್ಥಿಸಿದ್ದೇನೆ.
ವರ್ಗಾವಣೆಗೆ, ಗಂಡನ ಜ್ವರಕ್ಕೆ,
ಹೆಸರಿಟ್ಟುಕೊಂಡು ಕಾದು ಬಾರದೇ ಹೋದ ಮಗುವಿಗೆ.
ಹೊಡೆತದ ಮೇಲೆ ಹೊಡೆತ, ಕರ್ತನೇ ಕರ್ತನೇ ಅಂತ,
ಎಳೆ ಯಾವ ಕಡೆ ಎಂದು
ಒಮ್ಮೆಯೂ ತಟ್ಟಿ ನೋಡದೆ.

ಮಕ್ಕಳೆಲ್ಲ ಆಗಲೇ ಬಂಡೆಗೆ
ಹಲ್ಲಿಗಳಂತೆ ಅಂಟಿಕೊಂಡಿದ್ದರು.
ನಾನೂ ಸೆರಗು ಸರಿಸಿ ಕೆನ್ನೆ ಇಟ್ಟೆ.
ಬಿಸಿ. ಒರಟು. ಕಲ್ಲುಹೂವಿನ ಒಣ ವಾಸನೆ.
ಮೊದಲು ನನ್ನದೇ ರಕ್ತದ ಸದ್ದು.
ಅದು ತಗ್ಗಿದ ಮೇಲೆ
ಗುಡ್ಡದ ನೆತ್ತಿಯ ಗಾಳಿಯಂತ್ರದ ರೆಕ್ಕೆ,
ಹೂಂ... ಹೂಂ...
ಕಥೆ ಕೇಳುತ್ತಾ ಯಾರೋ ಕತ್ತಲಲ್ಲಿ
ಹೂಂಗುಟ್ಟಿದ ಹಾಗೆ.
ಕಲ್ಲೊಳಗಿಂದ ಬಂತೋ ಗಾಳಿಯಿಂದ ಬಂತೋ ಹೇಳಲಾರೆ.
ಅಯ್ಯನವರು ಕೇಳಿದರೆ
ಗಾಳಿಯಂತ್ರ ಅನ್ನುತ್ತೇನೆ.

ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು.
ಬಿಸ್ಕತ್ತಿಗೆ ಇರುವೆ ಹತ್ತಿತ್ತು,
ಬೆನ್ಯಾಮೀನನೇ ದಾರಿ ತೋರಿಸಿದ್ದನೆಂದು ನನ್ನ ಅನುಮಾನ.

ಮರುವಾರ ಆರಾಧನೆ ಮುಗಿದ ಮೇಲೆ
ಖಜಾಂಚಿ ಸಮುವೇಲಪ್ಪ ಕಾಣಿಕೆ ಚೀಲ ಮಗುಚಿದರು.
ನಾಣ್ಯಗಳ ನಡುವೆ ಟಣ್ ಅನ್ನದ ಒಂದು ಸದ್ದು.
ಕನ್ನಡಕ ಹಣೆಗೇರಿಸಿ,
"ಇದನ್ನ ಯಾವ ಲೆಕ್ಕಕ್ಕೆ ಬರೀಲಿ, ಸುಶಾಂತಮ್ಮ?"

ಮುಕ್ಕಾಲಿಂಚು, ಒಂದು, ಅಂದೆ.
ಬರೆದುಕೊಂಡರು.